ಕೂಲಂಟ್ ಸೋರಿಕೆ: ಸಿಲಿಕಾನ್ ಹಚ್ಚುವ ಮೊದಲು ಉಜ್ಜಿ

ಹಳೆಯ ಗಾಡಿಯಲ್ಲಿ ಕೂಲಂಟ್ (ಎಂಜಿನ್ ತಣಿಸುವ ದ್ರವ) ಸೋರುವ ಕಡೆ ಹೊಸ ಪ್ಯಾಕಿಂಗ್ (ಎರಡು ಲೋಹದ ಭಾಗಗಳ ನಡುವಿನ ತೆಳು ಹಾಳೆ) ಹಾಕಿ, ಮೇಲೆ ಸಿಲಿಕಾನ್ (ಒಣಗಿ ರಬ್ಬರಿನಂತಾಗುವ ಅಂಟು) ಬಳಿದರೂ ಕೆಲವೇ ದಿನಗಳಲ್ಲಿ ಅದೇ ಜಾಗ ಮತ್ತೆ ಒದ್ದೆಯಾಗುವುದುಂಟು. ಹೆಚ್ಚಿನ ಸಲ ತಪ್ಪು ಪ್ಯಾಕಿಂಗ್‌ನದ್ದಲ್ಲ, ಅದು ಕೂರುವ ಲೋಹದ ಮುಖದ್ದು.

ಎಂಜಿನ್ ಪೂರ್ತಿ ತಣಿಯುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ. ಒತ್ತಡದಲ್ಲಿರುವ ಬಿಸಿ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ತಣಿದ ಮೇಲೆ ಟಾರ್ಚ್ ಹಿಡಿದು ನೋಡಿ. ಕೂಲಂಟ್ ಸೋರಿ ಒಣಗಿದ ಕಡೆ ಪುಡಿಪುಡಿಯಾದ ಬಣ್ಣದ ಕಲೆ ಇರುತ್ತದೆ. ಅದರ ಜಾಡು ಹಿಡಿದು ಮೇಲಕ್ಕೆ ಹೋಗಿ. ಸೋರುವುದು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ವಾಟರ್ ಪಂಪಿನ ತಳದ ಸಣ್ಣ ತೂತಿನಿಂದ ಹನಿಯುತ್ತಿದ್ದರೆ ಒಳಗಿನ ಸೀಲ್ ಸವೆದಿದೆ. ತೂತು ಮುಚ್ಚಬೇಡಿ, ಪಂಪ್ ಬದಲಿಸಿ. ಎಂಜಿನ್ ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಅದರ ಮೇಲಿನ ಹೆಡ್ ನಡುವಿನ ಪ್ಯಾಕಿಂಗ್) ಹೋಗಿರಬಹುದು. ಅದು ಮೆಕ್ಯಾನಿಕ್ ಕೈಯಲ್ಲೇ ಆಗಬೇಕಾದ ಕೆಲಸ.

ಕೂಲಂಟ್ ಇಳಿಸುವಾಗ ಅಗಲವಾದ ಪಾತ್ರೆ ಇಟ್ಟು ಹಿಡಿದು, ತಕ್ಷಣ ಮುಚ್ಚಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್‌ಗೆ ಸಿಹಿ ರುಚಿ. ನಾಯಿ, ಬೆಕ್ಕು ನೆಕ್ಕಿದರೆ ಜೀವಕ್ಕೇ ಅಪಾಯ, ಮಕ್ಕಳಿಗೂ ಅಷ್ಟೇ.

ಥರ್ಮೋಸ್ಟಾಟ್ ಹೌಸಿಂಗನ್ನೇ (ಬಿಸಿಗೆ ತಕ್ಕಂತೆ ಕೂಲಂಟ್ ಹರಿವನ್ನು ತೆರೆದು ಮುಚ್ಚುವ ಭಾಗದ ಹೊರಕವಚ) ಉದಾಹರಣೆಗೆ ತೆಗೆದುಕೊಳ್ಳೋಣ. ಬಿಚ್ಚಿದಾಗ ಹಳೆಯ ಪ್ಯಾಕಿಂಗಿನ ಚೂರುಗಳು ಸುಟ್ಟ ಕಾಗದದಂತೆ ಕಚ್ಚಿಕೊಂಡಿರುತ್ತವೆ. ತೆರೆದುಕೊಂಡ ಕೂಲಂಟ್ ದಾರಿಯ ಬಾಯಿಗೆ ಬಟ್ಟೆ ತುರುಕಿ, ಚೂರು ಒಳಗೆ ಬೀಳದಂತೆ ನೋಡಿಕೊಂಡು ಕೆರೆಯಿರಿ. ಅಲ್ಯೂಮಿನಿಯಂ ಆದರೆ ಉಕ್ಕಿನ ಉಳಿ ಬೇಡ, ಪ್ಲಾಸ್ಟಿಕ್ ಪಟ್ಟಿ ಸಾಕು. ಒಳಗಿನಿಂದ ಹೊರಗಿನವರೆಗೆ ಬಿದ್ದ ಒಂದು ಗೀರೇ ಮುಂದೆ ಸೋರುವ ದಾರಿ. ಬೆರಳಾಡಿಸಿದಾಗ ಎಲ್ಲೂ ತಡೆಯಬಾರದು. ನೇರ ಪಟ್ಟಿ ಇಟ್ಟಾಗ ಕೆಳಗೆ ಬೆಳಕು ಕಂಡರೆ ಹೌಸಿಂಗ್ ಸೊಟ್ಟಗಾಗಿದೆ. ಕೊನೆಗೆ ಎಣ್ಣೆ ಜಿಡ್ಡು ಉಳಿಯದಂತೆ ಒರೆಸಿ.

ಸಿಲಿಕಾನ್ ಬೇಕಾದ ಕಡೆ 2–3 ಮಿ.ಮೀ. ದಪ್ಪದ ಒಂದೇ ಎಳೆ, ಬೋಲ್ಟ್ ತೂತುಗಳನ್ನು ಸುತ್ತುವರಿದು. ಜಾಸ್ತಿ ಬಳಿದರೆ ಒಳಕ್ಕೆ ಉಕ್ಕಿ, ತುಂಡಾಗಿ, ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಕೆಲವು ಬೋಲ್ಟ್‌ಗಳ ತುದಿ ನೇರವಾಗಿ ಕೂಲಂಟ್ ಹರಿಯುವ ಜಾಗಕ್ಕೇ ಇಳಿದಿರುತ್ತದೆ. ಅವುಗಳ ಸುರುಳಿ ಮರೆಗೆ (ಥ್ರೆಡ್) ಸೋರದಂತೆ ತಡೆಯುವ ಥ್ರೆಡ್ ಸೀಲೆಂಟ್ ಹಚ್ಚದಿದ್ದರೆ ಪ್ಯಾಕಿಂಗ್ ಎಷ್ಟೇ ಚೆನ್ನಾಗಿದ್ದರೂ ಬೋಲ್ಟಿನ ತಲೆಯ ಬುಡದಲ್ಲಿ ಸೋರುತ್ತದೆ. ಎದುರುಬದುರಿನ ಬೋಲ್ಟ್‌ಗಳನ್ನು ಸ್ವಲ್ಪಸ್ವಲ್ಪವೇ, ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿ ಮಾಡಿ. ಸಿಲಿಕಾನ್ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲಿ. ಹಲವು ಬಗೆಗಳಿಗೆ 24 ಗಂಟೆ ಬೇಕು.

ಹೋಸ್ ಕೂರುವ ಕೊಳವೆಯ ತುಕ್ಕನ್ನೂ ಉಪ್ಪುಕಾಗದದಿಂದ ಉಜ್ಜಿ. ಹೋಸ್ ಬಿಗಿಯುವ ಕ್ಲಿಪ್ ಕೊಳವೆಯ ಉಬ್ಬಿದ ಅಂಚನ್ನು ದಾಟಿ ಒಳಬದಿಗಿರಲಿ.

ಸೋರಿಕೆ ನಿಲ್ಲಿಸುವ ಪುಡಿ, ದ್ರವ ಸುರಿಯುವುದನ್ನು ನಾನು ಒಪ್ಪುವುದಿಲ್ಲ. ಅವು ಹೀಟರಿನ ಕಿರುದಾರಿಗಳನ್ನೂ ಕಟ್ಟಿಬಿಡಬಲ್ಲವು.

ಕೂಲಂಟ್ ತುಂಬಿ, ಗಾಳಿ ಹೊರಹಾಕಿ, ಎಂಜಿನ್ ಬಿಸಿಯಾಗುವವರೆಗೆ ಓಡಿಸಿ. ಮರುದಿನ ಬೆಳಿಗ್ಗೆ, ತಣ್ಣಗಿರುವಾಗ, ಮಟ್ಟ ನೋಡಿ; ಉಳಿದ ಗಾಳಿ ಹೋಗಿ ಸ್ವಲ್ಪ ಇಳಿದಿದ್ದರೆ ತುಂಬಿ. ಜೋಡಣೆಯ ಕೆಳಗೆ ಬಿಳಿ ಕಾಗದ ಒತ್ತಿ ನೋಡಿ. ಅದು ಒಣಗಿಯೇ ಇರಬೇಕು.