ಗಣಿಗೆ ಇಳಿಸದೆ ಕೆಜಿಎಫ್ ತೋರಿಸೋದು

ಕೋಲಾರದ ಚಿನ್ನದ ಗಣಿಯ ಊರು ಕೆಜಿಎಫ್‌ಗೆ ಜನರನ್ನು ಕರೆದುಕೊಂಡು ಹೋಗುತ್ತೇನೆ ಅಂದರೆ ಮೊದಲ ಪ್ರಶ್ನೆ ಒಂದೇ: "ಒಳಗೆ ಇಳಿಸ್ತೀರಾ?" ಇಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಪಂಪ್ ನಿಂತು ಸುರಂಗಗಳಲ್ಲಿ ನೀರು ತುಂಬಿದೆ. ಗಣಿಗೆ ಇಳಿಯುವ ಬಾವಿಗಳು, ಅಂದರೆ ಶಾಫ್ಟ್‌ಗಳು, ಇರುವ ಜಾಗಕ್ಕೆ ಅನುಮತಿ ಬೇಕು, ಸಿಗದಿದ್ದರೆ ಬೇಲಿಯ ಹೊರಗೇ ನಿಲ್ಲುತ್ತೇವೆ. ಶಾಫ್ಟ್ ಮೇಲಿನ ಕಬ್ಬಿಣದ ಗೋಪುರ, ಅಂದರೆ ಹೆಡ್‌ಗೇರ್, ದೂರದಿಂದಲೇ ಚೆನ್ನಾಗಿ ಕಾಣುತ್ತದೆ.

ಹಾಗಾದರೆ ಆಳ ತೋರಿಸೋದು ಹೇಗೆ? ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿಲೋಮೀಟರ್ ಇಳಿದಿತ್ತು. ಹೀಗೆ ಬಾಯಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಅಷ್ಟೇ. ಅದಕ್ಕೇ, ಕಾರಣ ಹೇಳದೆ ಹೆಡ್‌ಗೇರ್ ಕಾಣುವ ಜಾಗದಿಂದ ರಸ್ತೆಯಲ್ಲಿ ನಡೆಸುತ್ತೇನೆ. ಮೊಬೈಲ್‌ನಲ್ಲಿ 3.2 ತೋರಿಸುವ ಹೊತ್ತಿಗೆ ಮುಕ್ಕಾಲು ಗಂಟೆ ಹತ್ತಿರ ಬಂದಿರುತ್ತದೆ, ಬೆವರು ಇಳಿದಿರುತ್ತದೆ. ಆಗ ಹೇಳುತ್ತೇನೆ: "ನಡೆದ ದಾರೀನ ನೆಟ್ಟಗೆ ನೆಲದೊಳಗೆ ನಿಲ್ಲಿಸಿ ನೋಡಿ." ಅಷ್ಟು ಕೆಳಗೆ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಮೇಲಿಂದ ತಂಪು ಗಾಳಿ ಕಳಿಸದೆ ಕೆಲಸವೇ ಸಾಧ್ಯವಿರಲಿಲ್ಲ. ಒತ್ತಡಕ್ಕೆ ಬಂಡೆ ಸಿಡಿದರೆ ಮೇಲೆ ಊರಿನ ಮನೆಗಳೂ ಅದುರುತ್ತಿದ್ದವು.

ಉಳಿದದ್ದನ್ನು ಹೇಳೋಕೆ ಹಳೆ ಗಣಿ ಕಾರ್ಮಿಕರೊಬ್ಬರನ್ನು ಕರೆಸುತ್ತೇನೆ, ದುಡ್ಡು ಕೊಟ್ಟು. ಸುಮ್ನೆ ಮಾತಾಡಿಸಿ ಕಳಿಸೋದು ನನಗೆ ಸರಿ ಕಾಣಲ್ಲ. ಹೆಚ್ಚಿನವರ ಮಾತು ತಮಿಳು, ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತೇನೆ. "ಅಯ್ಯಾ, ಭಯ ಆಗ್ತಿರಲಿಲ್ವಾ?" ಅಂತ ಯಾರೋ ಕೇಳಿಯೇ ಕೇಳುತ್ತಾರೆ. ಅವರ ಉತ್ತರಕ್ಕೆ, ಕೆಮ್ಮು ನಿಲ್ಲುವವರೆಗೆ ಕಾಯಬೇಕಾಗುತ್ತದೆ. ಕಲ್ಲಿನ ಧೂಳು ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ನಾನು ಬೇರೆ ವಿವರಿಸೋದಿಲ್ಲ.

ಗಣಿ ನಡೆಸಿದ ಜಾನ್ ಟೇಲರ್ ಕಂಪನಿ, ಬ್ರಿಟಿಷರ ಬಂಗಲೆ, ಕ್ಲಬ್ ಇವನ್ನೆಲ್ಲ ಬೇಗ ಮುಗಿಸುತ್ತೇನೆ. ಕರೆಂಟಿನ ಕಥೆ ಮಾತ್ರ ಬಿಡಲ್ಲ: ಶಿವನಸಮುದ್ರದ ವಿದ್ಯುತ್ 1902ರಲ್ಲೇ ಇಲ್ಲಿಗೆ ಬಂತು, ಬೆಂಗಳೂರಿಗೆ ಬಂದದ್ದು 1905ರಲ್ಲಿ. ಬೆಂಗಳೂರಿನವರಿಗೆ ಇದನ್ನು ಹೇಳೋಕೆ ಒಂಥರಾ ಖುಷಿ.

ಇನ್ನೊಂದು ವಿಷಯ. ಇದನ್ನು "ಪಾಳು ಊರು" ಅನ್ನಬೇಡಿ. ಗಣಿ ಪಾಳು, ಊರಲ್ಲ. ಅದಕ್ಕೇ ಗುಂಪನ್ನು ಬೆಳಗಿನ ರೈಲಿನಲ್ಲಿ ಬರೋಕೆ ಹೇಳುತ್ತೇನೆ. ನಾವು ಇಲ್ಲಿನ ರೈಲು ನಿಲ್ದಾಣ ಮಾರಿಕುಪ್ಪಂ ಕಡೆ ಬರುವಾಗ ಎದುರಿನ ರೈಲಿನಲ್ಲಿ ಇದೇ ಊರಿನ ಜನ ಕೆಲಸಕ್ಕೆ ಬೆಂಗಳೂರಿಗೆ ಹೊರಟಿರುತ್ತಾರೆ, ಬಾಗಿಲಲ್ಲೂ ಜೋತುಬಿದ್ದು. ಕಾರ್ಮಿಕರ ಲೈನ್‌ಗಳಲ್ಲಿ ಇನ್ನೂ ಸಂಸಾರಗಳಿವೆ. ಸಾಲು ಮನೆ, ಎದುರಿಗೇ ನೀರಿನ ಬಿಂದಿಗೆ, ಒಣಗಲು ಹಾಕಿದ ಬಟ್ಟೆ. ಅಲ್ಲಿ ಕ್ಯಾಮೆರಾ ಚೀಲದೊಳಗೆ. ಸಿನಿಮಾ ನೋಡಿ ಬಂದವರಿಗೆ ಇದು ಸ್ವಲ್ಪ ಬೇಜಾರು.

ಅವರ ಕ್ಯಾಮೆರಾ ಆಸೆಗೆ ಸೈನೈಡ್ ದಿಬ್ಬಗಳಿವೆ. ಅದಿರು ಪುಡಿ ಮಾಡಿ, ಸೈನೈಡ್‌ನಿಂದ ಚಿನ್ನ ತೆಗೆದು ಉಳಿದ ಮರಳು ಅದು. ಫೋಟೋಕ್ಕೆ ಚೆಂದ, ಪಕ್ಕದಲ್ಲಿ ಬದುಕೋಕೆ ಅಲ್ಲ. ಗಾಳಿ ಬೀಸಿದರೆ ಆ ಪುಡಿ ಮನೆಯೊಳಗೆ ಬರುತ್ತದೆ. ಹಾಗಾಗಿ ಗಾಳಿ ಜಾಸ್ತಿ ಇರುವ ದಿನ ದಿಬ್ಬದ ಹತ್ತಿರ ಗುಂಪು ಕರೆದೊಯ್ಯೋದಿಲ್ಲ, ಎಷ್ಟೇ ಒತ್ತಾಯ ಮಾಡಿದರೂ. ಆ ಹೊತ್ತನ್ನು ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯಲ್ಲಿ ಕಳೆಯುತ್ತೇವೆ.