ಮಗ್ಗಕ್ಕೆ ಬೇರೆಯೇ ಕನ್ನಡಕ: ಇಳಕಲ್ಲಿನಲ್ಲಿ ನನ್ನ ಅನುಭವ

ನೇಕಾರರಿಗೆ ಓದುವ ಕನ್ನಡಕ ಕೊಟ್ಟರೆ ಕೆಲಸಕ್ಕೆ ಬರಲ್ಲ. ಇಷ್ಟು ತಿಳಿಯೋಕೆ ನನಗೆ ಎರಡು ವರ್ಷ ಹಿಡಿಯಿತು. ಚಾಳೀಸು ಅಂದರೆ ನಲವತ್ತರ ಆಸುಪಾಸಿನಿಂದ ಹತ್ತಿರದ್ದು ಮಸುಕಾಗುವುದು. "ಚಾಳೀಸಿಗೆ ಇಷ್ಟೆಲ್ಲ ಯಾಕೆ, ರೆಡಿಮೇಡ್ ಕೊಟ್ಟು ಕಳಿಸು" ಅಂತ ಕನ್ನಡಕ ಮಾಡಿಕೊಡುವ ನಮ್ಮ ಕಸುಬಿನವರೇ ಅಂದಿದ್ದರು. ಈಗ ಅವರೇ ಬಂದು ಕೇಳುತ್ತಿದ್ದಾರೆ.

ಮೊದಲು ನಾನೂ ಕೈಗೆ ಚಾರ್ಟ್ ಕೊಟ್ಟು, 40 ಸೆಂಟಿಮೀಟರಿಗೆ ಪವರ್ ನೋಡಿ ಕೊಟ್ಟೆ. ತಿಂಗಳು ಬಿಟ್ಟು ಹೋದರೆ ಮುಕ್ಕಾಲು ಕನ್ನಡಕ ಗೋಡೆಯ ಗೂಡಿನಲ್ಲಿ ಧೂಳು ಹಿಡಿದು ಕೂತಿದ್ದವು. ಆಮೇಲೆ ಬೈಫೋಕಲ್ ಕೊಟ್ಟೆ, ಅಂದರೆ ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಪವರ್ ಇರುವ ಗಾಜು. ಅದು ಇನ್ನೂ ಕೆಟ್ಟಿತು. ಗಾಜಿನ ಕೆಳಭಾಗದಿಂದ ಎಳೆ ನೋಡೋಕೆ ಗದ್ದ ಎತ್ತಬೇಕು, ಸಂಜೆಗೆ ಕುತ್ತಿಗೆ ಹಿಡಿಯುತ್ತಿತ್ತು. ವಾಪಸ್ ಬಂದ ಗಾಜಿನಲ್ಲೇ ಸುಮಾರು 9 ಸಾವಿರ ಹೋಯಿತು.

ಕೊನೆಗೆ ಒಂದು ದಿನ ಟೇಪು ಹಿಡಿದು ಒಬ್ಬ ಅಜ್ಜಿಯ ಮಗ್ಗದ ಪಕ್ಕ ಕೂತೆ. ಕಣ್ಣಿಂದ ಬಟ್ಟೆಗೆ 57-58 ಸೆಂಟಿಮೀಟರ್! ನಾನು ಕೊಟ್ಟಿದ್ದು +2.00. ಆ ದೂರಕ್ಕೆ ಬೇಕಿದ್ದದ್ದು +1.25. ಒಂದೇ ಪವರಿನ ದೊಡ್ಡ ಗಾಜು ಹಾಕಿದೆ. ಅಕ್ಷರ ಓದಿಸಲಿಲ್ಲ, ಕಪ್ಪು ಹಾಸಿನಲ್ಲಿ (ಮಗ್ಗದ ಉದ್ದಕ್ಕೆ ಎಳೆದ ನೂಲಿನಲ್ಲಿ) ತುಂಡಾದ ಎಳೆ ಹುಡುಕಿ ಅಂದೆ. ಅಜ್ಜಿ ಬಗ್ಗಲೇ ಇಲ್ಲ. ಕೂತಲ್ಲೇ ಬೆರಳಿಟ್ಟು, "ತಮ್ಮಾ, ಇಲ್ಲಿ ಐತಿ ನೋಡು" ಅಂದರು.

ಅಳೆಯೋಕೆ ಹೋದರೆ ಎಲ್ಲರೂ ನೆಟ್ಟಗೆ ಕೂತುಬಿಡುತ್ತಾರೆ, ಅಳತೆ ತಪ್ಪುತ್ತದೆ. ಅದಕ್ಕೊಂದು ಉಪಾಯ ಇದೆ, ಅದನ್ನು ಇಲ್ಲಿ ಹೇಳಲ್ಲ.

ನಡುವೆ, ಎಳೆ ಎದ್ದು ಕಾಣಲಿ ಅಂತ ಹಳದಿ ಗಾಜನ್ನೂ ಹಾಕಿಸಿ ನೋಡಿದೆ. ಸೆರಗಿನ ಕೆಂಪು ರೇಷ್ಮೆಯ ಬಣ್ಣ ಹೊಂದಿಸೋಕೆ ಆಗಲಿಲ್ಲ, ಕೈಬಿಟ್ಟೆ. ಕಪ್ಪು ಹಾಸಿನ ಕೆಳಗೆ ಬಿಳಿ ಬಟ್ಟೆ ಹಾಸಿದ್ದು ಮಾತ್ರ ಚೆನ್ನಾಗಿ ಫಲ ಕೊಟ್ಟಿತು. ಖರ್ಚೂ ಇಲ್ಲ.

ಪಿನ್‌ಹೋಲ್ (ಸಣ್ಣ ತೂತಿನ ಬಿಲ್ಲೆ) ಕಣ್ಣಮುಂದೆ ಇಟ್ಟರೂ ದೂರದ ನೋಟ ಸುಧಾರಿಸದಿದ್ದರೆ ನಾನು ಕನ್ನಡಕ ಮಾರಲ್ಲ, ಕಣ್ಣಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಹೆಚ್ಚಿನವರಿಗೆ ಪೊರೆ. ಒಬ್ಬ ಅಣ್ಣನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಚಾಳೀಸು ಅಂದುಕೊಂಡೇ ಬಂದಿದ್ದ, ಕಣ್ಣಿನ ಹಿಂದಿನ ಪರದೆಯಲ್ಲಿ, ಅಂದರೆ ರೆಟಿನಾದಲ್ಲಿ, ರಕ್ತ ಒಸರಿತ್ತು. ಲೇಸರ್ ಮಾಡಿಸಿ ಇದ್ದ ನೋಟ ಉಳಿಸಿಕೊಂಡ. ಸಕ್ಕರೆ ಇದ್ದವರು ನೋವಿಲ್ಲದಿದ್ದರೂ ವರ್ಷಕ್ಕೊಮ್ಮೆ ಕಣ್ಣಿಗೆ ಔಷಧಿ ಬಿಡಿಸಿ ರೆಟಿನಾ ತೋರಿಸಲೇಬೇಕು. ನನಗೆ ಅವತ್ತು 350 ರೂಪಾಯಿಯ ವ್ಯಾಪಾರ ತಪ್ಪಿತು, ಅಷ್ಟೇ ಅಲ್ವಾ?

ಇಲ್ಲಿವರೆಗೆ ಎಪ್ಪತ್ತರ ಹತ್ತಿರ ಕೊಟ್ಟಿದ್ದೇನೆ. ಅರವತ್ತಕ್ಕಿಂತ ಜಾಸ್ತಿ ಜನ ದಿನಾ ಹಾಕುತ್ತಾರೆ. ಈಗ ಕಂಡಿಕೆ (ಲಾಳಿಯೊಳಗಿನ ನೂಲಿನ ಸುರುಳಿ) ಸುತ್ತುವ ಹೆಣ್ಣುಮಕ್ಕಳ ದೂರ ಅಳೆಯುತ್ತಿದ್ದೇನೆ. ಅದು ಮಗ್ಗದಷ್ಟಿಲ್ಲ, 45ರ ಆಸುಪಾಸು ಬರುತ್ತಿದೆ.