ಎಲ್‌ಇಡಿಯಿಂದ ಪ್ಲಾಂಕ್ ಸ್ಥಿರಾಂಕ: ನಾನು ಅಳೆಯುವ ಬಗೆ

ಬೆಳಕಿನ ಒಂದು ಕಣದ (ಫೋಟಾನಿನ) ಶಕ್ತಿಯನ್ನು ಅದರ ಆವೃತ್ತಿಯಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಪ್ಲಾಂಕ್ ಸ್ಥಿರಾಂಕ. ಎಲ್‌ಇಡಿ ಬೆಳಗಲು ಬೇಕಾದ ವೋಲ್ಟೇಜಿನಿಂದ ಆ ಶಕ್ತಿಯ ಅಂದಾಜು ಸಿಗುತ್ತದೆ. ಎಲ್‌ಇಡಿ ಬೆಳಗಿದ ಕ್ಷಣದ ವೋಲ್ಟೇಜನ್ನು ಕಣ್ಣಂದಾಜಿನಲ್ಲಿ ಗುರುತು ಹಾಕಿಕೊಂಡು ಪ್ಲಾಂಕ್ ಸ್ಥಿರಾಂಕ ಲೆಕ್ಕ ಹಾಕುವ ಕ್ರಮವನ್ನು ನಾನು ಪೂರ್ತಿ ಕೈಬಿಟ್ಟಿದ್ದೇನೆ. ಬೆಳಕಿರುವ ಕೋಣೆಯಲ್ಲಿ ನಮ್ಮ ಕಣ್ಣಿಗೆ 555 ನ್ಯಾನೊಮೀಟರ್ ಆಸುಪಾಸಿನ ಹಸಿರು ಬೇಗ ಕಾಣುತ್ತದೆ. ಕೆಂಪು, ನೀಲಿ ತಡವಾಗಿ ಕಾಣುತ್ತವೆ. ಆ ವ್ಯತ್ಯಾಸ ನೇರವಾಗಿ ರೀಡಿಂಗ್‌ಗೆ ಬಂದು ಸೇರುತ್ತದೆ. ನಾನು ಎಲ್ಲ ಬಣ್ಣಗಳನ್ನೂ ಒಂದೇ ಕರೆಂಟ್‌ನಲ್ಲಿ, 1 ಮಿಲಿಆಂಪಿಯರ್‌ನಲ್ಲಿ ಅಳೆಯುತ್ತೇನೆ.

ಸರ್ಕ್ಯೂಟ್ ತೀರಾ ಸರಳ. 5 ವೋಲ್ಟ್ ಸಪ್ಲೈ (ಹಳೆಯ ಮೊಬೈಲ್ ಚಾರ್ಜರ್ ಸಾಕು), 10 ಕಿಲೋಓಮ್ ಪಾಟ್ (ತಿರುಗಿಸಿ ರೋಧ ಬದಲಿಸುವ ಪೊಟೆನ್ಶಿಯೋಮೀಟರ್), ಶೇಕಡಾ 1 ನಿಖರತೆಯ 1 ಕಿಲೋಓಮ್ ಮೆಟಲ್ ಫಿಲ್ಮ್ ರೆಸಿಸ್ಟರ್, ಎಲ್‌ಇಡಿ, ಎಲ್ಲವೂ ಸರಣಿಯಲ್ಲಿ. ಆಮ್ಮೀಟರ್ ಬೇಡ. ಮಲ್ಟಿಮೀಟರನ್ನು ರೆಸಿಸ್ಟರಿನ ಎರಡು ಕಾಲುಗಳಿಗೆ ಹಿಡಿದು 1.00 ವೋಲ್ಟ್ ಬರುವವರೆಗೆ ಪಾಟ್ ತಿರುಗಿಸಿ. ಅಲ್ಲಿಗೆ ಕರೆಂಟ್ 1.00 ಮಿಲಿಆಂಪಿಯರ್ ಆಯಿತು. ಅದೇ ಮೀಟರನ್ನು ಎಲ್‌ಇಡಿಯ ಕಾಲುಗಳಿಗೆ ಹಿಡಿದು ವೋಲ್ಟೇಜ್ ಬರೆದುಕೊಳ್ಳಿ. ಅಗ್ಗದ ಮೀಟರಿನ ಒಳರೋಧ 1 ಮೆಗಾಓಮ್ ಇರುತ್ತದೆ, ಅದು 2 ವೋಲ್ಟ್‌ಗೆ 2 ಮೈಕ್ರೋಆಂಪಿಯರ್ ಎಳೆಯುತ್ತದೆ. 1 ಮಿಲಿಆಂಪಿಯರ್ ಮುಂದೆ ಅದು ಲೆಕ್ಕಕ್ಕಿಲ್ಲ. 10 ಮೈಕ್ರೋಆಂಪಿಯರ್‌ನಲ್ಲಿ ಅಳೆಯಲು ಹೋದರೆ ಮಾತ್ರ ಐದರಲ್ಲೊಂದು ಪಾಲು ಮೀಟರಿನ ಪಾಲಾಗುತ್ತದೆ. ಇನ್ನು 20 ಮಿಲಿಆಂಪಿಯರ್‌ಗೆ ಏರಿಸಿದರೆ ಚಿಪ್ ಬಿಸಿಯಾಗಿ, ಪ್ರತಿ ಡಿಗ್ರಿಗೆ ಸುಮಾರು 2 ಮಿಲಿವೋಲ್ಟ್‌ನಂತೆ ರೀಡಿಂಗ್ ಜಾರುತ್ತಾ ಹೋಗುತ್ತದೆ.

ಎಲ್‌ಇಡಿ ಕೊಳ್ಳುವಾಗ ನೀರಿನಂತೆ ತಿಳಿಯಾದ ತಲೆಯಿರುವುದನ್ನೇ ಕೇಳಿ. ಬಿಳಿ ಎಲ್‌ಇಡಿ ಬೇಡ, ಅದು ಫಾಸ್ಫರ್ (ಬೆಳಕಿನ ಬಣ್ಣ ಬದಲಿಸುವ ಪುಡಿ) ಬಳಿದ ನೀಲಿ ಚಿಪ್. ನಾನು ಇಟ್ಟುಕೊಂಡಿರುವುದು 630, 590, 525, 470 ನ್ಯಾನೊಮೀಟರಿನವು (ಕ್ರಮವಾಗಿ ಕೆಂಪು, ಹಳದಿ, ಹಸಿರು, ನೀಲಿ), ಜೊತೆಗೆ ಟಿವಿ ರಿಮೋಟಿನಲ್ಲಿರುವಂಥ 940ರ ಇನ್‌ಫ್ರಾರೆಡ್.

ಅಂಗಡಿಯವರು ಹೇಳಿದ ತರಂಗಾಂತರವನ್ನು ನಂಬಿ ಕೂರಬೇಡಿ. ನಮ್ಮ ಲ್ಯಾಬುಗಳಲ್ಲಿ ಸಾಮಾನ್ಯವಾಗಿ ಸಿಗುವ, ಇಂಚಿಗೆ 15,000 ಗೆರೆಗಳ ಗ್ರೇಟಿಂಗ್ (ಬೆಳಕನ್ನು ತರಂಗಾಂತರಕ್ಕೆ ತಕ್ಕ ಕೋನದಲ್ಲಿ ಬಾಗಿಸುವ, ಒತ್ತೊತ್ತಾಗಿ ಗೆರೆ ಕೊರೆದ ಫಲಕ) ಸಾಕು. ಗೆರೆಗಳ ಅಂತರ 1.693 ಮೈಕ್ರೋಮೀಟರ್. ಎಲ್‌ಇಡಿಯ ಮುಂದೆ ಕಪ್ಪು ರಟ್ಟಿನಲ್ಲಿ ಬ್ಲೇಡಿನಿಂದ ಸೀಳಿದ ಸಣ್ಣ ಸೀಳು, ಅದರ ಪಕ್ಕದಲ್ಲೇ ಅಡ್ಡಲಾಗಿ ಮೀಟರ್ ಸ್ಕೇಲ್, 50 ಸೆಂಟಿಮೀಟರ್ ಈಚೆಗೆ ಗ್ರೇಟಿಂಗ್. ಗ್ರೇಟಿಂಗಿಗೆ ಕಣ್ಣಿಟ್ಟು ನೋಡಿದರೆ 630ರ ಕೆಂಪು ಗೆರೆ ಮಧ್ಯದಿಂದ 20.0 ಸೆಂಟಿಮೀಟರಿನಲ್ಲಿ, 470ರ ನೀಲಿ 14.5ರ ಹತ್ತಿರ ನಿಲ್ಲುತ್ತದೆ. ಎರಡೂ ಪಕ್ಕ ಅಳೆದು ಸರಾಸರಿ ತೆಗೆಯಿರಿ, ಗ್ರೇಟಿಂಗ್ ಸ್ವಲ್ಪ ಓರೆಯಾಗಿದ್ದರೂ ಆ ತಪ್ಪು ಬಹುಪಾಲು ಕಳೆಯುತ್ತದೆ. ಇಲ್ಲಿ ತುಂಬ ವಿದ್ಯಾರ್ಥಿಗಳು ಎಡವುವುದು ಸೈನ್ ಬದಲು ಟ್ಯಾನ್ ಹಾಕಿ. 20ನ್ನು ನೇರವಾಗಿ 50ರಿಂದ ಭಾಗಿಸಿ ಗೆರೆಗಳ ಅಂತರದಿಂದ ಗುಣಿಸಿದರೆ ಕೆಂಪು 677 ಆಗಿಬಿಡುತ್ತದೆ. ಕೋನ ತೆಗೆದು, ಆಮೇಲೆ ಸೈನ್ ಹಾಕಬೇಕು. 940ರ ಗೆರೆ ಬರಿಗಣ್ಣಿಗೆ ಕಾಣದು. ಮೊಬೈಲಿನ ಸೆಲ್ಫಿ ಕ್ಯಾಮೆರಾ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಸುಮಾರು 33 ಸೆಂಟಿಮೀಟರಿನಲ್ಲಿ ಮಸುಕಾಗಿ ಸಿಗುತ್ತದೆ.

ನನಗೆ ಬರುವ ವೋಲ್ಟೇಜುಗಳು ಹೆಚ್ಚುಕಮ್ಮಿ ಹೀಗಿವೆ: 940ಕ್ಕೆ 1.07, 630ಕ್ಕೆ 1.75, 590ಕ್ಕೆ 1.83, 525ಕ್ಕೆ 2.35, 470ಕ್ಕೆ 2.60. ಬೆಳಕಿನ ವೇಗವನ್ನು ತರಂಗಾಂತರದಿಂದ ಭಾಗಿಸಿದರೆ ಆವೃತ್ತಿ ಸಿಗುತ್ತದೆ. ವೋಲ್ಟೇಜನ್ನು ಎಲೆಕ್ಟ್ರಾನಿನ ಆವೇಶದಿಂದ ಗುಣಿಸಿ, ಆವೃತ್ತಿಯಿಂದ ಭಾಗಿಸಿ, ನೀಲಿಯೊಂದರಿಂದಲೇ ಲೆಕ್ಕ ಹಾಕಿದರೆ 6.5×10⁻³⁴ ಜೌಲ್-ಸೆಕೆಂಡ್ ಬಂದು, ಪುಸ್ತಕದ 6.626ಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ಆದರೆ ಅದೇ ಲೆಕ್ಕ ಕೆಂಪಿಗೆ 5.9 ಕೊಡುತ್ತದೆ, ಹಾಗಾಗಿ ಒಂದೇ ಬಣ್ಣದ ಉತ್ತರವನ್ನು ನಾನು ಒಪ್ಪುವುದಿಲ್ಲ. ಆವೃತ್ತಿಗೆದುರು ವೋಲ್ಟೇಜಿನ ಗ್ರಾಫ್ ಎಳೆದು ಇಳಿಜಾರು ತೆಗೆಯಬೇಕು. ಗೆರೆಯನ್ನು ಬಲವಂತವಾಗಿ ಮೂಲಬಿಂದುವಿನ ಮೂಲಕ ಹಾಯಿಸಬಾರದು. ಎಲ್ಲ ಬಣ್ಣಗಳಿಗೂ ಸಮಾನವಾಗಿ ಸೇರಿಕೊಂಡ ವೋಲ್ಟೇಜ್ ತಪ್ಪು ಗೆರೆಯನ್ನು ಮೇಲೆ ಕೆಳಗೆ ಸರಿಸುತ್ತದೆಯೇ ಹೊರತು ಇಳಿಜಾರನ್ನು ಮುಟ್ಟುವುದಿಲ್ಲ.

ಈ ಐದು ಬಿಂದುಗಳ ಇಳಿಜಾರು 4.9×10⁻¹⁵ ವೋಲ್ಟ್-ಸೆಕೆಂಡ್. ಅದನ್ನು ಎಲೆಕ್ಟ್ರಾನಿನ ಆವೇಶದಿಂದ ಗುಣಿಸಿದರೆ 7.85×10⁻³⁴, ಅಂದರೆ ಶೇಕಡಾ 18ರಷ್ಟು ಹೆಚ್ಚು. ಇದನ್ನು ತಿದ್ದಿ ಬರೆಯುವ ಅಗತ್ಯವಿಲ್ಲ, ಕಾರಣ ಬರೆದರೆ ಸಾಕು. ಕೆಂಪು, ಹಳದಿಯ ಚಿಪ್ ಅಲ್ಯೂಮಿನಿಯಂ-ಗ್ಯಾಲಿಯಂ-ಇಂಡಿಯಂ ಫಾಸ್ಫೈಡ್. ಹಸಿರು, ನೀಲಿಯದು ಇಂಡಿಯಂ-ಗ್ಯಾಲಿಯಂ ನೈಟ್ರೈಡ್. 1 ಮಿಲಿಆಂಪಿಯರ್‌ಗೆ ಬೇಕಾಗುವ ವೋಲ್ಟೇಜ್ ಫೋಟಾನಿನ ಶಕ್ತಿಗಿಂತ ಎಷ್ಟು ಕಡಿಮೆ ಎಂಬುದು ಪದಾರ್ಥಕ್ಕೆ ತಕ್ಕಂತೆ ಬೇರೆ. ಹಾಗಾದರೆ ಒಂದೇ ಪದಾರ್ಥದ ಹಸಿರು, ನೀಲಿ ಎರಡನ್ನೇ ಇಟ್ಟುಕೊಳ್ಳೋಣವೆಂದರೆ, ಅವುಗಳ ಆವೃತ್ತಿಯ ಅಂತರ ಬರೀ 0.67×10¹⁴ ಹರ್ಟ್ಸ್, 0.03 ವೋಲ್ಟ್ ತಪ್ಪಿದರೆ ಉತ್ತರ ಶೇಕಡಾ 10ಕ್ಕೂ ಹೆಚ್ಚು ಆಚೀಚೆ ಆಗುತ್ತದೆ. ಅದಕ್ಕೇ, ಆವೃತ್ತಿಯ ಹರವನ್ನು ದೊಡ್ಡದು ಮಾಡುವ 940ರ ಬಿಂದುವನ್ನು ನಾನು ಎಂದೂ ಬಿಡುವುದಿಲ್ಲ.